ಪುಟ್ಟ ಆಸ್ಟಿನ್ ಗೆದ್ದದ್ದು ಕೃಪಾಂಕದಿಂದಲೇ?

ಕುಕ್ಕುವಾಡದ ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದಾಗ ಮಾತು ಸುತ್ತಿ ಬಳಸಿ ಎಂಜಿನ್ನಿಗೇ ಬರುತ್ತದೆ: ಯಾರದು ದೊಡ್ಡದು, ಯಾರದು ಹೆಚ್ಚು ಎಳೆಯುತ್ತದೆ. ಕಬ್ಬಿನ ಲೋಡಿಗೆ ಆ ಲೆಕ್ಕ ಸರಿ. ಅದನ್ನೇ ಹಳೇ ಬ್ರಿಟಿಷ್ ಕಾರುಗಳಿಗೂ ಹಚ್ಚಿ, ಬೇಬಿ ಆಸ್ಟಿನ್ ಅಂದರೆ ಸಂತೆಗೆ ಹೋಗಿಬರುವ ಗಾಡಿ, ರೇಸೆಲ್ಲ ಬೆಂಟ್ಲಿಯಂಥ ದೊಡ್ಡ ಕಾರುಗಳ ಪಾಲು ಎನ್ನುವವರಿದ್ದಾರೆ.

1922ರಲ್ಲಿ ಬಂದ ಈ ಬೇಬಿ ಆಸ್ಟಿನ್, ಅಂದರೆ ಆಸ್ಟಿನ್ ಸೆವೆನ್ನಿನ ಎಂಜಿನ್ 750 ಸಿಸಿಯೂ ಇರಲಿಲ್ಲ. ನಮ್ಮ ಮಾರುತಿ 800ಕ್ಕಿಂತಲೂ ಚಿಕ್ಕದು. ಕಂಪನಿ ಕಟ್ಟಿದ ಹರ್ಬರ್ಟ್ ಆಸ್ಟಿನ್ ತನ್ನ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ಹುಡುಗನನ್ನು ಕೂರಿಸಿಕೊಂಡು ಇದರ ನಕ್ಷೆ ಬರೆಸಿದ. ಮರುವರ್ಷವೇ ಆಸ್ಟಿನ್ನನ ಅಳಿಯ ಆರ್ಥರ್ ವೇಟ್ ಇಟಲಿಯ ಮೊಂಜಾದಲ್ಲಿ ಪುಟ್ಟ ಕಾರುಗಳ ಗ್ರ್ಯಾನ್ ಪ್ರಿ ಗೆದ್ದ. 1929ರ ಅಲ್ಸ್ಟರ್ ಟಿಟಿ ರೇಸನ್ನು ಚಾಲಕ ಕರಾಚಿಯೋಲಾನ ಭಾರಿ ಮರ್ಸಿಡಿಸ್ ಗೆದ್ದರೂ ಮೂರನೇ, ನಾಲ್ಕನೇ ಸ್ಥಾನ ಸೆವೆನ್‌ಗಳಿಗೆ ಹೋಯಿತು. 1930ರಲ್ಲಿ ಇಂಗ್ಲೆಂಡಿನ ರೇಸ್ ಟ್ರ್ಯಾಕಾದ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ರೇಸನ್ನು ಎಸ್.ಸಿ.ಎಚ್. ಡೇವಿಸ್ ಮತ್ತು ಅರ್ಲ್ ಆಫ್ ಮಾರ್ಚ್ ಸೆವೆನ್ನಿನಲ್ಲಿ ಗೆದ್ದೇಬಿಟ್ಟರು. ಎರಡನೆಯದಾಗಿ ಬಂದದ್ದು ಬೆಂಟ್ಲಿ.

ಇಲ್ಲಿಂದ ಎದುರು ದಿಕ್ಕಿನ ತಪ್ಪು ಶುರುವಾಗುತ್ತದೆ: ಪುಟಾಣಿ ಕಾರು ಬೆಂಟ್ಲಿಯನ್ನು ವೇಗದಲ್ಲೇ ಸೋಲಿಸಿತಂತೆ! ಹಾಗೇನೂ ಆಗಲಿಲ್ಲ. ಅದು ಹ್ಯಾಂಡಿಕ್ಯಾಪ್ ರೇಸ್. ಚಿಕ್ಕ ಕಾರುಗಳನ್ನು ಮೊದಲು ಬಿಟ್ಟು, ದೊಡ್ಡವನ್ನು ತಡೆದು ಬಿಡುತ್ತಿದ್ದರು. ಆಸ್ಟಿನ್ನಿನ ಸರಾಸರಿ ಗಂಟೆಗೆ 83 ಮೈಲಿ ಚಿಲ್ಲರೆ, ಬೆಂಟ್ಲಿಯದು 110 ದಾಟಿತ್ತು.

ಹಾಗಾದರೆ ಕೃಪಾಂಕ ಕೊಟ್ಟು ಪಾಸು ಮಾಡಿದ ಹಾಗಾಯಿತಲ್ಲ? ಅದೂ ಅಲ್ಲ. ಒಂದೊಂದು ದರ್ಜೆಯ ಕಾರು ಎಷ್ಟು ವೇಗ ತೆಗೆದೀತು ಎಂದು ಅಂದಾಜಿಸಿಯೇ ಈ ಅಂತರ ಗೊತ್ತುಮಾಡುತ್ತಿದ್ದರು; ಗೆಲ್ಲಬೇಕಾದರೆ ಆ ಅಂದಾಜನ್ನು ಮೀರಬೇಕಿತ್ತು. ಒರಟು ಕಾಂಕ್ರೀಟಿನ ಮೇಲೆ ಹತ್ತಿರ ಹತ್ತಿರ ಆರು ಗಂಟೆಯ ಓಟ. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇಥ್ ಮುಂದೆ ನಿಂತು ದುಡಿದವರಿಗೆ ಅದರಲ್ಲಿ ಎಂಜಿನ್ನಿಗಾದ ಕಷ್ಟ ವಿವರಿಸಬೇಕಿಲ್ಲ: ಸೆವೆನ್ನಿನ ಕ್ರ್ಯಾಂಕ್‌ಶಾಫ್ಟಿಗೆ ಇದ್ದದ್ದು ಎರಡೇ ಮುಖ್ಯ ಬೇರಿಂಗ್, ಮುಂದೊಂದು, ಹಿಂದೊಂದು. ನಾಲ್ಕು ಸಿಲಿಂಡರಿನ ಹೊಡೆತಕ್ಕೆ ಶಾಫ್ಟ್ ನಡುವೆ ಬಾಗುತ್ತಿತ್ತು. ಅದು ಮುರಿಯದೆ ಕೊನೆಯವರೆಗೆ ಬಾಳಿದ್ದು, ನನ್ನ ಮಟ್ಟಿಗೆ, ವೇಗಕ್ಕಿಂತ ದೊಡ್ಡ ಸಾಧನೆ.

ಅಂಗಡಿಯಲ್ಲಿ ಕೊಂಡ ಕಾರೇ ರೇಸ್ ಗೆಲ್ಲುತ್ತಿತ್ತು ಎಂಬುದನ್ನೂ ನಂಬಬೇಡಿ. ಕಾರ್ಖಾನೆಯ ರೇಸ್ ಕಾರುಗಳಿಗೆ ತಗ್ಗಿದ ಹಗುರ ಮೈ, ಸೂಪರ್‌ಚಾರ್ಜರ್ ಎಲ್ಲ ಇದ್ದವು.

1931ರಲ್ಲಿ ಅದೇ ಅರ್ಲ್ ಆಫ್ ಮಾರ್ಚ್ ಎಂಜಿ ಮಿಜೆಟ್ ಎಂಬ ಇನ್ನೊಂದು ಪುಟ್ಟ ಕಾರು ಹತ್ತಿ ಬ್ರೂಕ್‌ಲ್ಯಾಂಡ್ಸ್‌ನ ‘ಡಬಲ್ ಟ್ವೆಲ್ವ್’ ಗೆದ್ದ. ಮೊದಲ ಐದೂ ಸ್ಥಾನ ಮಿಜೆಟ್‌ಗಳದ್ದೇ. ಸದ್ದಿನಿಂದ ಸುತ್ತಲಿನವರ ನಿದ್ದೆ ಕೆಡದಿರಲೆಂದು ಅಲ್ಲಿ ರಾತ್ರಿ ಓಟ ನಿಷಿದ್ಧ, ಹಾಗಾಗಿ 24 ಗಂಟೆಯನ್ನು ಎರಡು ಹಗಲಿಗೆ ಹಂಚಿದ್ದರು. ಅದೂ ಹ್ಯಾಂಡಿಕ್ಯಾಪೇ ಎಂದು ಮೂಗು ಮುರಿಯುವವರು ಆ ವರ್ಷದ ಫೆಬ್ರುವರಿಯನ್ನು ನೋಡಲಿ: ಪ್ಯಾರಿಸ್ ಬಳಿಯ ಮೋಂಲೆರಿ ಟ್ರ್ಯಾಕಿನಲ್ಲಿ ಜಾರ್ಜ್ ಐಸ್ಟನ್ 750 ಸಿಸಿ ದರ್ಜೆಯ ಎಂಜಿಯನ್ನು ಆ ದರ್ಜೆಯಲ್ಲೇ ಮೊದಲ ಬಾರಿಗೆ ಗಂಟೆಗೆ 100 ಮೈಲಿ ದಾಟಿಸಿದ. ಒಂಟಿಯಾಗಿ ಓಡಿಸಿದ ದಾಖಲೆ ಅದು; ಮೊದಲು ಯಾರು, ಆಮೇಲೆ ಯಾರು ಎಂಬ ಪ್ರಶ್ನೆಯೇ ಇರಲಿಲ್ಲ.