ಸವಳು ನೀರಿನ ಸಹವಾಸಿಗಳು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ಇಂದು ಅನೇಕ ಮನೆಗಳ ಪಡಸಾಲೆಯನ್ನು ಸೇರಿದೆ. ಮಕ್ಕಳ ಕುತೂಹಲವನ್ನು ಬೆಳೆಸಲು, ಹಿರಿಯರ ಮನಸ್ಸಿಗೆ ನೆಮ್ಮದಿ ನೀಡಲು ಅದು ಒಳ್ಳೆಯ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಸುವು ಹಸಿದರೆ ಕೂಗುತ್ತದೆ, ನಾಯಿಯು ನೊಂದರೆ ನರಳುತ್ತದೆ. ಮೀನಿಗೆ ಆ ಉಪಾಯವೂ ಇಲ್ಲ. ಅದರ ಕಷ್ಟವನ್ನು ತರುವ ಮೊದಲೇ ನಾವು ಊಹಿಸಬೇಕು. ಅಂಗಡಿಯಲ್ಲಿ ಅಂದವಾಗಿ ಕಂಡವನ್ನೆಲ್ಲ ಒಂದೇ ತೊಟ್ಟಿಗೆ ಬಿಟ್ಟರೆ ಕೆಲವೇ ತಿಂಗಳುಗಳಲ್ಲಿ ಒಂದೆರಡು ಮಾತ್ರ ಉಳಿಯುತ್ತವೆ. ಸವಳು ನೀರಿನ ಮೀನುಗಳ ವಿಷಯದಲ್ಲಿ ಈ ಮಾತು ಇನ್ನೂ ನಿಜ.

ಸವಳು ನೀರೆಂದರೇನು?

ಬಯಲುಸೀಮೆಯ ನಮ್ಮ ಓದುಗರಿಗೆ ಸವಳು ನೀರೆಂದರೆ ಬಾಯಿಗೆ ಹತ್ತದ ಬಾವಿಯ ನೀರು ನೆನಪಾಗುವುದು ಸಹಜ. ಇಲ್ಲಿ ಹೇಳುತ್ತಿರುವುದು ಅದನ್ನಲ್ಲ. ಹೊಳೆಯು ಕಡಲನ್ನು ಕೂಡುವ ಅಳಿವೆಯಲ್ಲಿ ಸಿಹಿನೀರು ಮತ್ತು ಉಪ್ಪುನೀರು ಬೆರೆತು ಆಗುವ ನೀರು ಇದು. ನಮ್ಮ ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯಲ್ಲಿ ಇಂತಹ ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳುವ ಕಗ್ಗ ಎಂಬ ಭತ್ತವನ್ನು ಬೆಳೆಯುವುದುಂಟು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣವಿದ್ದರೆ, ಅಳಿವೆಯಲ್ಲಿ ಅದು ಭರತ-ಇಳಿತಗಳಿಗೂ ಮಳೆಗಾಲ-ಬೇಸಿಗೆಗಳಿಗೂ ತಕ್ಕಂತೆ ಏರಿಳಿಯುತ್ತದೆ. ಈ ಏರಿಳಿತವನ್ನು ಸಹಿಸಿ ಬಾಳುವ ಮೀನುಗಳೇ ಸವಳು ನೀರಿನ ಮೀನುಗಳು.

ಮನೆಯ ತೊಟ್ಟಿಗೆ ಈ ನೀರನ್ನು ನಾವೇ ಸಿದ್ಧಪಡಿಸಬೇಕು. ಅಡುಗೆಯ ಉಪ್ಪು ಇದಕ್ಕೆ ಸಲ್ಲದು. ಅದರಲ್ಲಿರುವುದು ಬಹುಮಟ್ಟಿಗೆ ಸೋಡಿಯಂ ಕ್ಲೋರೈಡ್ ಒಂದೇ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಸಮುದ್ರ ಲವಣದ ಮಿಶ್ರಣದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವೂ ಇದ್ದು, ನೀರಿನ ಗಡಸುತನವನ್ನೂ ಕ್ಷಾರಗುಣವನ್ನೂ ಕಾಯುತ್ತವೆ. ಲವಣದ ಪ್ರಮಾಣವನ್ನು ಅಂದಾಜಿನಿಂದಲ್ಲ, ಹೈಡ್ರೋಮೀಟರಿನಿಂದ ಅಳೆದೇ ತಿಳಿಯಬೇಕು.

ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಎರಡು ಮೀನುಗಳು ಹೊಂದುತ್ತವೆಯೇ ಎಂದು ತಿಳಿಯಲು ಬಣ್ಣವನ್ನಾಗಲಿ ಅಂಗಡಿಯಲ್ಲಿ ಅವು ಒಂದೇ ತೊಟ್ಟಿಯಲ್ಲಿದ್ದವೆಂಬುದನ್ನಾಗಲಿ ನೋಡಬಾರದು. ಎರಡಕ್ಕೂ ಬೇಕಾದ ಲವಣಾಂಶ ಒಂದೇ ಆಗಿದೆಯೇ? ಪೂರ್ಣ ಬೆಳೆದಾಗ ಒಂದರ ಬಾಯಿಯಲ್ಲಿ ಇನ್ನೊಂದು ಹಿಡಿಯುವಂತಿದೆಯೇ? ಅವುಗಳ ಆಹಾರ ಮತ್ತು ಸ್ವಭಾವಗಳು ಹೊಂದುತ್ತವೆಯೇ? ಈ ಮೂರನ್ನೂ ಕೇಳಬೇಕು. ಸವಳು ನೀರಿನ ಮೀನುಗಳನ್ನು ಹಲವೆಡೆ ಬೆರಳುದ್ದದ ಮರಿಗಳಾಗಿ, ಸಿಹಿನೀರಿನಲ್ಲಿಯೇ ಇಟ್ಟು ಮಾರುತ್ತಾರೆ. ಆದುದರಿಂದ ಈ ಎಚ್ಚರ ಅವಶ್ಯಕ.

ಸಣ್ಣ ತೊಟ್ಟಿಗೆ ತಕ್ಕ ಕುಟುಂಬ

ಹೊಸಬರಿಗೆ ಮೊದಲು ಸೂಚಿಸಬಹುದಾದುದು ನಮ್ಮ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹಿನ್ನೀರುಗಳ ಮೀನಾದ ಕಿತ್ತಳೆ ಕ್ರೊಮೈಡ್. ಇದು ಸುಮಾರು ೮ ಸೆಂ.ಮೀ. ಬೆಳೆಯುತ್ತದೆ. ತಂದೆ-ತಾಯಿಗಳೆರಡೂ ಮೊಟ್ಟೆಗಳನ್ನು ಕಾಯುತ್ತವೆ. ಮರಿಗಳು ಹೆತ್ತವರ ಮೈಮೇಲಿನ ಲೋಳೆಯನ್ನು ಮೇಯ್ದು ಪೋಷಣೆ ಪಡೆಯುತ್ತವೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಸೊಗಸಾದ ನೋಟ ಇನ್ನೊಂದಿಲ್ಲ. ಲೀಟರಿಗೆ ೫ ರಿಂದ ೧೦ ಗ್ರಾಂ ಲವಣವಿರುವ, ಸುಮಾರು ೧೫೦ ಲೀಟರಿನ ತೊಟ್ಟಿಯಲ್ಲಿ ಐದಾರು ಕ್ರೊಮೈಡ್‌ಗಳನ್ನು ಮೋಲಿ ಮೀನುಗಳೊಡನೆ ಸಾಕಬಹುದು. ಮೋಲಿಗಳು ಮರಿ ಹಾಕುವ ಜಾತಿಯವು. ಆ ಮರಿಗಳಲ್ಲಿ ಕೆಲವು ಕ್ರೊಮೈಡ್‌ಗಳ ಪಾಲಾಗುವುದು ನಿಶ್ಚಯ. ಅವು ಉಳಿಯಬೇಕೆಂದರೆ ಬೇರೆ ತೊಟ್ಟಿ ಬೇಕು.

ಕ್ರೊಮೈಡ್‌ನ ಹತ್ತಿರದ ಬಂಧು ಕೇರಳದ ಕರಿಮೀನು. ೨೦೧೦ರಲ್ಲಿ ಆ ರಾಜ್ಯದ ಅಧಿಕೃತ ಮೀನೆಂದು ಘೋಷಿತವಾದ ಇದು ೨೦ ಸೆಂ.ಮೀ.ಗೂ ಮೀರಿ ಬೆಳೆಯುವುದರಿಂದ ದೊಡ್ಡ ತೊಟ್ಟಿಗೇ ಸರಿ. ಪ್ರಕೃತಿಯಲ್ಲಿ ಇವೆರಡರ ಸಂಬಂಧ ವಿಚಿತ್ರವಾದುದು. ಕಿತ್ತಳೆ ಕ್ರೊಮೈಡ್ ಕರಿಮೀನಿನ ಮೈಯ ಪರೋಪಜೀವಿಗಳನ್ನು ಕಿತ್ತು ತಿಂದು ಉಪಕಾರ ಮಾಡುತ್ತದೆ; ಅವಕಾಶ ಸಿಕ್ಕರೆ ಅದರ ಮೊಟ್ಟೆಗಳನ್ನೂ ತಿನ್ನುತ್ತದೆ. ಇದೇ ವಂಶದ ಕೆನರಾ ಕರಿಮೀನು ಕರ್ನಾಟಕದ ಕರಾವಳಿ ಭಾಗದ ಸಿಹಿನೀರಿನ ಹೊಳೆಗಳದು. ಹೆಸರನ್ನು ನಂಬಿ ಅದನ್ನು ಸವಳು ನೀರಿಗೆ ಬಿಡಬಾರದು.

ದೊಡ್ಡ ಮನೆಯವರು

ಬೆಳ್ಳಿಯಂತೆ ಹೊಳೆಯುವ ಮೋನೋ, ಚುಕ್ಕೆಗಳ ಸ್ಕ್ಯಾಟ್, ಬಾಯಿಂದ ನೀರಿನ ಬಾಣ ಬಿಟ್ಟು ಎಲೆಯ ಮೇಲಿನ ಕೀಟವನ್ನು ಬೀಳಿಸುವ ಬಿಲ್ಲುಗಾರ ಮೀನು, ಈ ಮೂರೂ ಪರಸ್ಪರ ಹೊಂದುತ್ತವೆ. ಆದರೆ ಮರಿಯಾಗಿದ್ದಾಗ ನಾಲ್ಕು ಸೆಂ.ಮೀ. ಇದ್ದ ಮೋನೋ ೨೫ ಸೆಂ.ಮೀ.ವರೆಗೂ, ಸ್ಕ್ಯಾಟ್ ೩೦ ಸೆಂ.ಮೀ.ವರೆಗೂ ಬೆಳೆಯಬಲ್ಲವು. ಗುಂಪಿನಲ್ಲಿ ಬಾಳುವ ಇವುಗಳಿಗೆ ಕನಿಷ್ಠ ೪೦೦ ಲೀಟರಿನ ತೊಟ್ಟಿ ಬೇಕು. ವಯಸ್ಸು ಏರಿದಂತೆ ಮೋನೋ ಮತ್ತು ಸ್ಕ್ಯಾಟ್‌ಗಳಿಗೆ ಲವಣಾಂಶವನ್ನೂ ೧೫-೨೦ ಗ್ರಾಂಗೆ, ಮುಂದೆ ಅದಕ್ಕೂ ಹೆಚ್ಚಿಗೆ ಕ್ರಮವಾಗಿ ಏರಿಸಬೇಕು. ಬಿಲ್ಲುಗಾರನು ಬಾಯಲ್ಲಿ ಹಿಡಿಯುವ ಪುಟ್ಟ ಮೀನುಗಳನ್ನು ನುಂಗುತ್ತಾನೆ. ಸ್ಕ್ಯಾಟ್‌ನ ಬೆನ್ನಿನ ಮುಳ್ಳು ವಿಷಯುಕ್ತವಾದುದರಿಂದ ಬರಿಗೈಯಿಂದ ಹಿಡಿಯಬಾರದು. ಇಷ್ಟು ಸ್ಥಳವಿಲ್ಲದವರು ಮರಿಯ ಅಂದಕ್ಕೆ ಮರುಳಾಗದಿರುವುದೇ ಲೇಸು.

ಒಂಟಿಯಾಗಿ ಇರತಕ್ಕವು

ದುಂಡನೆಯ ಮೈಯ, ಕಣ್ಣರಳಿಸಿ ನೋಡುವ ಪಫರ್ ಮೀನು ಮಕ್ಕಳನ್ನು ಬೇಗ ಸೆಳೆಯುತ್ತದೆ. ಆದರೆ ಅನ್ಯರ ರೆಕ್ಕೆ-ಬಾಲಗಳನ್ನು ಕಚ್ಚುವುದು ಅದರ ಹುಟ್ಟುಗುಣ. ಅದರ ಹಲ್ಲು ಸದಾ ಬೆಳೆಯುತ್ತಿರುವುದರಿಂದ ಸವೆಸಲು ಬಸವನಹುಳುವಿನಂತಹ ಗಟ್ಟಿ ಚಿಪ್ಪಿನ ಆಹಾರ ಬೇಕೇ ಬೇಕು. ಹಳದಿ-ಕಪ್ಪು ಪಟ್ಟೆಯ ಬಂಬಲ್‌ಬೀ ಗೋಬಿ ನಾಲ್ಕು ಸೆಂ.ಮೀ.ಗೆ ಮೀರದ ಪುಟ್ಟ ಜೀವಿ. ಚುರುಕಾದ ಮೀನುಗಳ ಜೊತೆಗಿದ್ದರೆ ಅದಕ್ಕೆ ಆಹಾರವೇ ದಕ್ಕುವುದಿಲ್ಲ. ಒಣ ಆಹಾರವನ್ನು ಮುಟ್ಟದೆ ಹುಳುಗಳನ್ನೇ ಬಯಸುವುದೂ ಉಂಟು.

ಸಸ್ಯಾಹಾರಿ ಮನೆಗಳಲ್ಲಿ ಈ ಪ್ರಶ್ನೆಯನ್ನು ಕೊಳ್ಳುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಮನೆಗೆ ತಂದ ಮೇಲೆ ಹುಳುವನ್ನು ಕೊಡಲು ಮನಸ್ಸೊಪ್ಪದೆ ಮೀನನ್ನು ಉಪವಾಸ ಕೆಡವುವುದು ಅಹಿಂಸೆಯಾಗದು. ಅದು ಇನ್ನೊಂದು ಬಗೆಯ ಹಿಂಸೆ. ಮೋಲಿ, ಸ್ಕ್ಯಾಟ್‌ಗಳು ಪಾಚಿ, ಬೇಯಿಸಿದ ಪಾಲಕ್ ಸೊಪ್ಪು, ಬಟಾಣಿಗಳನ್ನು ಪ್ರೀತಿಯಿಂದ ತಿನ್ನುತ್ತವೆ. ಕ್ರೊಮೈಡ್ ಕಾಳಿನ ರೂಪದ ಸಿದ್ಧ ಆಹಾರಕ್ಕೆ ಒಗ್ಗುತ್ತದೆ. ಅಂಗಡಿಯ ಸಿದ್ಧ ಆಹಾರದಲ್ಲಿ ಬಹುತೇಕ ಮೀನಿನ ಪುಡಿ ಇರುತ್ತದೆಂಬುದನ್ನೂ ತಿಳಿದಿರಬೇಕು. ಇದಾವುದೂ ಒಪ್ಪಿಗೆಯಾಗದಿದ್ದರೆ ಮೀನು ಸಾಕದಿರುವುದೂ ಒಂದು ಸತ್ಪಥವೇ.

ನಿತ್ಯದ ಕ್ರಮ

ತೊಟ್ಟಿಯನ್ನು ಸಿದ್ಧಪಡಿಸಿದ ದಿನವೇ ಮೀನುಗಳನ್ನು ತುಂಬಬಾರದು. ಮೀನಿನ ವಿಸರ್ಜನೆಯಿಂದ ಉಂಟಾಗುವ ಅಮೋನಿಯಾ ವಿಷಕಾರಿ. ಅದನ್ನು ಪರಿವರ್ತಿಸುವ ಸೂಕ್ಷ್ಮಾಣುಗಳು ಶೋಧಕದಲ್ಲಿ ನೆಲೆಸಲು ನಾಲ್ಕರಿಂದ ಆರು ವಾರಗಳು ಬೇಕಾಗುತ್ತವೆ. ಪರೀಕ್ಷೆಯಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯವೆಂದು ಕಂಡ ಮೇಲೆ ಒಂದೆರಡು ಮೀನುಗಳಿಂದ ಆರಂಭಿಸಬೇಕು. ಸಿಹಿನೀರಿನಲ್ಲಿದ್ದ ಮೀನಿಗೆ ಲವಣವನ್ನು ವಾರಗಳ ಅವಧಿಯಲ್ಲಿ ಮೆಲ್ಲನೆ ಏರಿಸಬೇಕು.

ಆವಿಯಾಗಿ ಕಡಿಮೆಯಾದ ನೀರಿಗೆ ಬದಲಾಗಿ ಕ್ಲೋರಿನ್ ನೀಗಿಸಿದ ಸಿಹಿನೀರನ್ನೇ ಸೇರಿಸಬೇಕು. ಏಕೆಂದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಕಾಲುಭಾಗ ನೀರನ್ನು ಬದಲಿಸುವಾಗ ಮಾತ್ರ ಅಳತೆಯ ಲವಣ ಬೆರೆಸಿದ ನೀರನ್ನು ಹಾಕಬೇಕು. ಸಿಹಿನೀರಿನ ತೊಟ್ಟಿಯಿಂದ ತೆಗೆದ ನೀರು ಹೂಗಿಡಗಳಿಗೆ ಗೊಬ್ಬರವಾದರೂ ಈ ನೀರು ಅವುಗಳನ್ನು ಒಣಗಿಸುತ್ತದೆ. ಸಾಕಲಾಗದ ಮೀನನ್ನು ಕೆರೆ-ಹೊಳೆಗಳಿಗೆ ಬಿಡುವುದೂ ಸಲ್ಲದು. ಅದು ಆ ಮೀನಿಗೂ ಅಲ್ಲಿನ ಜೀವಿಗಳಿಗೂ ಅಪಾಯ.

ಆದಕಾರಣ ಅಂಗಡಿಗೆ ಹೋಗುವ ಮುನ್ನ ಮನೆಯವರೆಲ್ಲ ಕುಳಿತು ತೊಟ್ಟಿಯ ಗಾತ್ರ, ನೀರಿನ ಲವಣಾಂಶ, ಕೊಡಬಲ್ಲ ಆಹಾರ ಇವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳುವುದು ಉತ್ತಮ. ಆ ಕಾಗದಕ್ಕೆ ಹೊಂದುವ ಮೀನುಗಳು ಎರಡೇ ಜಾತಿಯವಾದರೂ ಚಿಂತೆಯಿಲ್ಲ. ಹತ್ತು ಬಗೆಯವು ನವೆಯುವ ತೊಟ್ಟಿಗಿಂತ ಎರಡು ಬಗೆಯವು ಸುಖವಾಗಿ ಬಾಳಿ ಮರಿ ಸಾಕುವ ತೊಟ್ಟಿ ಮನೆಗೆ ಶೋಭೆ.