ಹದ್ದಿನ ಬೆನ್ನು ಹತ್ತಿದ ಲೇಖಕಿ

ಸಾಹಸದ ಕಥೆಗಳನ್ನು ಬರೆಯುವವರು ಸ್ವತಃ ಸಾಹಸಿಗಳೇ ಆಗಿರಬೇಕೆಂದು ಎಳೆಯ ವಾಚಕರು ಭಾವಿಸುವುದು ಸಹಜ. ಕುದುರೆಯೇರಿ, ಕತ್ತಿ ಹಿಡಿದು, ಕಾಡುಮೇಡುಗಳನ್ನು ಅಲೆದವರಲ್ಲದೆ ಮತ್ತಾರು ಅಂತಹ ಕಥೆಗಳನ್ನು ಹೇಳಿಯಾರು? ಆದರೆ ರೋಮನ್ ದಂಡಿನ ನಡಿಗೆಯ ಸದ್ದನ್ನು ಇಂಗ್ಲೆಂಡಿನ ಮಕ್ಕಳ ಕಿವಿಗೆ ಮುಟ್ಟಿಸಿದ ರೋಸ್‌ಮೆರಿ ಸಟ್‌ಕ್ಲಿಫ್ ತಮ್ಮ ಬಾಳಿನ ಬಹುಭಾಗವನ್ನು ಗಾಲಿಕುರ್ಚಿಯಲ್ಲಿ ಕಳೆದವರು.

ಸರ್ರೆ ಪ್ರಾಂತದ ಈಸ್ಟ್ ಕ್ಲಾಂಡನ್ ಎಂಬ ಹಳ್ಳಿಯಲ್ಲಿ 1920ರ ಡಿಸೆಂಬರ್ 14ರಂದು ಆಕೆ ಜನಿಸಿದರು. ತಂದೆ ನೌಕಾದಳದ ಅಧಿಕಾರಿ. ಆದುದರಿಂದ ಬಾಲ್ಯದ ಕೆಲವು ಕಾಲ ಮಾಲ್ಟಾ ದ್ವೀಪದಲ್ಲಿ ಕಳೆಯಿತು. ಇನ್ನೂ ಪುಟ್ಟ ಮಗುವಾಗಿದ್ದಾಗಲೇ ಸ್ಟಿಲ್ಸ್ ಕಾಯಿಲೆಯೆಂಬ ಕ್ರೂರವಾದ ಸಂಧಿವಾತ ಆಕೆಯನ್ನು ಹಿಡಿಯಿತು. ಓರಗೆಯ ಮಕ್ಕಳು ಓಡಿಯಾಡುವ ವಯಸ್ಸಿನಲ್ಲಿ ಆಸ್ಪತ್ರೆಯ ಮಂಚ, ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ, ನೋವು, ಇವೇ ಸಂಗಾತಿಗಳಾದುವು.

ಈ ಕತ್ತಲೆಯಲ್ಲಿ ದೀಪ ಹಚ್ಚಿದವರು ತಾಯಿ. ಆಕೆ ಮಗಳ ಬಳಿ ಕುಳಿತು ಡಿಕನ್ಸ್‌ನ ಕಾದಂಬರಿಗಳನ್ನೂ ಪ್ರಾಚೀನ ಪುರಾಣಕಥೆಗಳನ್ನೂ ಓದಿ ಹೇಳುತ್ತಿದ್ದರು. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ 1906ರಲ್ಲಿ ಪ್ರಕಟಿಸಿದ ‘ಪಕ್ ಆಫ್ ಪೂಕ್ಸ್ ಹಿಲ್’ ಕೃತಿಯ ರೋಮನ್ ಯೋಧನ ಕಥೆಗಳು ಬಾಲಕಿಯ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವು. ಒಂಬತ್ತು ವರ್ಷದವರೆಗೂ ಆಕೆಗೆ ತಾನಾಗಿ ಓದಲು ಬರುತ್ತಿರಲಿಲ್ಲ; ಕಿವಿಯೇ ಕಣ್ಣಿನ ಕೆಲಸವನ್ನು ಮಾಡಿತು.

ಹದಿನಾಲ್ಕನೆಯ ವಯಸ್ಸಿಗೆ ಶಾಲೆಗೆ ಶರಣು ಹೇಳಿ, ಬಿಡಿಫರ್ಡ್ ಪಟ್ಟಣದ ಕಲಾಶಾಲೆಯನ್ನು ಸೇರಿದ ಆಕೆ ಕಿರುಚಿತ್ರಗಳ ಕಲೆಯಲ್ಲಿ ಪರಿಣತರಾದರು. ಆದರೆ ಅಂಗೈಯಗಲದ ಚಿತ್ರದಲ್ಲಿ ಆಕೆಯ ಕಲ್ಪನೆಗೆ ಎಡೆ ಸಾಲಲಿಲ್ಲ. 1950ರಲ್ಲಿ ರಾಬಿನ್ ಹುಡ್‌ನ ಕಥೆಗಳೊಂದಿಗೆ ಆಕೆಯ ಲೇಖನಿ ಮಕ್ಕಳ ಸಾಹಿತ್ಯಲೋಕವನ್ನು ಪ್ರವೇಶಿಸಿತು.

1954ರಲ್ಲಿ ಪ್ರಕಟವಾದ ‘ದಿ ಈಗಲ್ ಆಫ್ ದಿ ನೈಂತ್’ ಆಕೆಗೆ ಕೀರ್ತಿಯನ್ನು ತಂದಿತು. ಇದರ ಬೀಜಗಳು ಎರಡು. ರೋಮನರ ಒಂಬತ್ತನೆಯ ಸೇನಾದಳ ಇತಿಹಾಸದ ಪುಟಗಳಿಂದ ಕಣ್ಮರೆಯಾದುದು ಒಂದು. ಸಿಲ್ಚೆಸ್ಟರ್‌ನ ಉತ್ಖನನದಲ್ಲಿ 1866ರಲ್ಲಿ ರೆಕ್ಕೆಗಳಿಲ್ಲದ ಕಂಚಿನ ಹದ್ದೊಂದು ದೊರೆತುದು ಇನ್ನೊಂದು. ಇವೆರಡನ್ನೂ ಬೆಸೆದು ಆಕೆ ಮಾರ್ಕಸ್ ಎಂಬ ತರುಣನನ್ನು ಸೃಷ್ಟಿಸಿದರು. ಮೊದಲ ಯುದ್ಧದಲ್ಲೇ ಕಾಲು ಊನವಾಗಿ ಸೈನ್ಯವನ್ನು ತೊರೆಯಬೇಕಾಗಿ ಬಂದ ಈತ, ದಾಸ್ಯದಿಂದ ತಾನೇ ಬಿಡಿಸಿದ ಎಸ್ಕಾ ಎಂಬ ಬ್ರಿಟನ್ನನೊಡನೆ, ಕಣ್ಣಿನ ವೈದ್ಯನ ವೇಷದಲ್ಲಿ ಹೇಡ್ರಿಯನ್ ಗೋಡೆಯ ಉತ್ತರಕ್ಕೆ ತೆರಳುತ್ತಾನೆ. ತಂದೆಯ ದಳದ ಲಾಂಛನವಾದ ಹದ್ದನ್ನು ಮರಳಿ ತರುವುದೇ ಆತನ ಹಂಬಲ.

ಇಂದಿನ ವಿದ್ವಾಂಸರು ಈ ಕಥೆಯ ಇತಿಹಾಸವನ್ನು ಪೂರ್ತಿಯಾಗಿ ಒಪ್ಪರು. ಆ ದಳದ ಕುರುಹುಗಳು ನೆದರ್‌ಲೆಂಡ್ಸ್‌ನ ನೈಮೇಗನ್‌ನಲ್ಲೂ ಸಿಕ್ಕಿವೆ. ಸಿಲ್ಚೆಸ್ಟರ್‌ನ ಹದ್ದು ಸೇನೆಯ ಲಾಂಛನವಲ್ಲ, ಯಾವುದೋ ದೊಡ್ಡ ಪ್ರತಿಮೆಯ ಭಾಗವೆಂದು ತಜ್ಞರು ಭಾವಿಸುತ್ತಾರೆ. ಆದರೂ ರೆಡಿಂಗ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ಆ ಹದ್ದಿನ ಹೆಸರು ಈ ಕಾದಂಬರಿಯೊಡನೆ ಬೆರೆತುಹೋಗಿದೆ.

ಆಕೆಯ ಕಥೆಗಳಲ್ಲಿ ಗೆಲುವು ಅಗ್ಗವಾಗಿ ಸಿಗುವುದಿಲ್ಲ. 1958ರ ‘ವಾರಿಯರ್ ಸ್ಕಾರ್ಲೆಟ್’ನ ಡ್ರೆಮ್ ಕಂಚಿನ ಯುಗದ ಬಾಲಕ. ಬಲಗೈ ಸ್ವಾಧೀನವಿಲ್ಲದ ಈತ ಒಂಟಿಯಾಗಿ ತೋಳವನ್ನು ಕೊಂದರಷ್ಟೇ ಯೋಧನೆನಿಸುವನು. ‘ನನ್ನನ್ನು ಇವರು ತಮ್ಮವನೆಂದು ಎಣಿಸುವರೇ?’ ಎಂಬ ಅಳುಕು ಅವನ ಎದೆಯನ್ನು ಕೊರೆಯುತ್ತದೆ. ದೈಹಿಕ ಊನವನ್ನು ಆಕೆ ಕನಿಕರದ ವಸ್ತುವಾಗಿಸಲಿಲ್ಲ. ಅನುಭವಿಸಿ ಬಲ್ಲ ಸತ್ಯವಾಗಿ ಚಿತ್ರಿಸಿದರು.

ಕಾರ್ನೆಗಿ ಪದಕ ಆಕೆಗೆ ಸಂದುದು 1959ರ ‘ದಿ ಲ್ಯಾಂಟರ್ನ್ ಬೇರರ್ಸ್’ ಕಾದಂಬರಿಗೆ. ರೋಮನ್ ಸೇನೆಯ ಕೊನೆಯ ಹಡಗುಗಳು ಬ್ರಿಟನ್ನನ್ನು ಬಿಟ್ಟು ಹೊರಡುವಾಗ, ಅಕ್ವಿಲಾ ಎಂಬ ಯೋಧ ತನ್ನ ನೆಲದಲ್ಲೇ ಉಳಿದು ತೀರದ ದೀಪಸ್ತಂಭದಲ್ಲಿ ಕೊನೆಯ ಬಾರಿಗೆ ಬೆಂಕಿ ಹೊತ್ತಿಸುತ್ತಾನೆ. ಕತ್ತಲು ಕವಿಯುವುದನ್ನು ತಡೆಯಲಾಗದಿದ್ದರೂ ಬೆಳಕನ್ನು ಮುಂದಿನವರ ಕೈಗೆ ದಾಟಿಸಬಹುದೆಂಬುದು ಕಥೆಯ ತಿರುಳು.

1992ರ ಜುಲೈ 23ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ರೋಸ್‌ಮೆರಿ ಸಟ್‌ಕ್ಲಿಫ್ ತೀರಿಕೊಂಡರು. ಅಂದಿನ ಬೆಳಗಿನವರೆಗೂ ಆಕೆಯ ಬರೆಹ ನಿಂತಿರಲಿಲ್ಲ. ನಡೆಯಲಾರದ ಕಾಲುಗಳಿಗೆ ನಿಲುಕದ ದಾರಿಗಳನ್ನು ಲೇಖನಿ ನಡೆದು ಮುಗಿಸಿತ್ತು. ಆ ದಾರಿಯಲ್ಲಿ ಮಕ್ಕಳು ಈಗಲೂ ಹೆಜ್ಜೆಯಿಡುತ್ತಿದ್ದಾರೆ.