ಮರಳಿ ಹವ್ಯಾಸಿ ಬಾನುಲಿಯೆಡೆಗೆ

ಯೌವನದಲ್ಲಿ ಕೈಬಿಟ್ಟ ಹವ್ಯಾಸಗಳಲ್ಲಿ ನಿವೃತ್ತಿಯ ಬಳಿಕ ಮತ್ತೆ ಕೈಗೆತ್ತಿಕೊಳ್ಳಲು ಯೋಗ್ಯವಾದವು ಕೆಲವೇ. ಹವ್ಯಾಸಿ ಬಾನುಲಿ, ಅಂದರೆ ‘ಹ್ಯಾಮ್ ರೇಡಿಯೋ’, ಅವುಗಳಲ್ಲೊಂದು. ನೌಕರಿ, ಸಂಸಾರ, ಲೋಕಲ್ ಗಾಡಿಯ ಓಡಾಟಗಳ ನಡುವೆ ಮೂವತ್ತು ನಲವತ್ತು ವರ್ಷ ಅಟ್ಟ ಸೇರಿದ್ದ ಯಂತ್ರವನ್ನು ಕೆಳಗಿಳಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ.

ಮುಂಬಯಿಗೂ ಈ ಹವ್ಯಾಸಕ್ಕೂ ಹಳೆಯ ನಂಟು. ಇಲ್ಲಿಯ ರೇಡಿಯೋ ಕ್ಲಬ್ 1923ರಲ್ಲಿಯೇ ಪ್ರಸಾರ ನಡೆಸಿತ್ತು. 1939ರಲ್ಲಿ ಮಹಾಯುದ್ಧ ತೊಡಗಿದಾಗ ಹವ್ಯಾಸಿಗಳೆಲ್ಲರೂ ತಮ್ಮ ಪ್ರೇಷಕಗಳನ್ನು ಒಪ್ಪಿಸಬೇಕಾಯಿತು. ಯುದ್ಧ ಮುಗಿದ ಮೇಲಷ್ಟೆ ಪರವಾನಗಿಗಳು ಮರಳಿದವು. ಹೀಗಾಗಿ ಬಿಟ್ಟು ಮರಳುವುದು ಇವರಿಗೆ ಹೊಸತೇನಲ್ಲ.

ಅವಧಿ ಮೀರಿದ ಪರವಾನಗಿಯನ್ನು ನಂಬಿ ಮಾತನಾಡುವುದು ಅಪರಾಧ. ಆಲಿಸುವುದರಿಂದಲೇ ಪುನರಾರಂಭ ಮಾಡುವುದು ವಿವೇಕ. ಮೋರ್ಸ್ ಪರೀಕ್ಷೆಗೆ ಹೆದರಿ ದೂರ ಉಳಿದವರಿಗೆ ಒಂದು ಸಮಾಧಾನ: 2003ರ ಜಿನೀವಾ ಸಮ್ಮೇಳನವು ಅದನ್ನು ಜಗತ್ತಿನಾದ್ಯಂತ ಕಡ್ಡಾಯವಾಗಿರಿಸಲಿಲ್ಲ, ನಮ್ಮ ದೇಶದ ರಿಸ್ಟ್ರಿಕ್ಟೆಡ್ ದರ್ಜೆಗೂ ಮೋರ್ಸ್ ಬೇಕಿಲ್ಲ.

ಅಪಾಯವಿರುವುದು ಹಳೆಯ ಯಂತ್ರದಲ್ಲಿ. ವಾಲ್ವ್ ಸೆಟ್ಟಿನೊಳಗೆ ನೂರಾರು ವೋಲ್ಟುಗಳಿರುತ್ತವೆ. ಪ್ಲಗ್ ಕಿತ್ತ ನಂತರವೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದುಕೊಂಡು ಪ್ರಾಣಕ್ಕೇ ಎರವಾಗಬಹುದು. ದಶಕಗಳ ಕಾಲ ಸುಮ್ಮನಿದ್ದ ಇಲೆಕ್ಟ್ರೋಲಿಟಿಕ್ ಕೆಪಾಸಿಟರು ಒಮ್ಮೆಲೇ ವಿದ್ಯುತ್ ತಗಲಿದರೆ ಸಿಡಿಯುವುದೂ ಉಂಟು. ತಂತಿಯ ಹೊದಿಕೆ ಬಿರುಕು ಬಿಟ್ಟಿರುತ್ತದೆ. ಬಲ್ಲವರಿಂದ ಪರೀಕ್ಷಿಸದೆ ಗುಂಡಿ ಒತ್ತಲಾಗದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ವೈದ್ಯರನ್ನು ಕೇಳಿಯೇ ಪ್ರೇಷಕದ ಹತ್ತಿರ ಕೂರಬೇಕು.

ಇನ್ನು ಆಂಟೆನಾ. 40 ಮೀಟರ್ ತರಂಗಕ್ಕೆ ಅರ್ಧತರಂಗ ತಂತಿ ಸುಮಾರು 20 ಮೀಟರ್ ಉದ್ದ ಬೇಕು. ಪರೇಲಿನ ಚಾಳಿನ ಖೋಲಿಯಲ್ಲಾಗಲಿ, ಗಿರಣಿಗಳ ಜಾಗದಲ್ಲೆದ್ದ ಗೋಪುರಗಳ ಫ್ಲ್ಯಾಟಿನಲ್ಲಾಗಲಿ ಅಷ್ಟು ಜಾಗವೆಲ್ಲಿ? ಗಚ್ಚಿಗೆ ಸೊಸೈಟಿಯ ಅನುಮತಿ ಬೇಕು. ಅದು ದೊರೆತರೂ ಅರವತ್ತು ದಾಟಿದವರು ಏಣಿಯೇರದೆ ತರುಣರೊಬ್ಬರನ್ನು ಕರೆಯುವುದು ಲೇಸು; ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಹವ್ಯಾಸವಿರಲಿ, ನಡೆದಾಟವೇ ದುರ್ಲಭ. ಮಳೆಗಾಲದ ಗುಡುಗು ಕೇಳಿದೊಡನೆ ಯಂತ್ರದಿಂದ ದೂರ ಸರಿಯಬೇಕು. ತಂತಿಯನ್ನು ಬಿಚ್ಚಿಡುವುದು ಮೋಡ ಕವಿಯುವ ಮುನ್ನವೇ ಆಗಬೇಕು. 2 ಮೀಟರ್ ತರಂಗಕ್ಕೆ ಅರ್ಧ ಮೀಟರಿನ ಕಡ್ಡಿ ಸಾಕು, ಬಾಲ್ಕನಿಯಲ್ಲೇ ನಿಲ್ಲಿಸಬಹುದು. ಅಂದಿಲ್ಲದ ಒಂದು ಪೀಡೆ ಇಂದುಂಟು: ಎಲ್‌ಇಡಿ ದೀಪಗಳೂ ಮೊಬೈಲ್ ಚಾರ್ಜರುಗಳೂ ಎಬ್ಬಿಸುವ ಗರಗರ ಸದ್ದು. ಮನೆಯವುಗಳನ್ನು ಆರಿಸಬಹುದು, ನೆರೆಯವರದನ್ನು ಸಹಿಸಬೇಕು.

ಕಿವಿಯ ವಿಚಾರ ಸ್ವಾರಸ್ಯಕರ. ವಯಸ್ಸಾದಂತೆ ಮೊದಲು ಮಂಕಾಗುವುದು ಎತ್ತರದ ಸ್ವರಗಳ ಗ್ರಹಣ. ಆದುದರಿಂದಲೇ ಮಾತಿನಲ್ಲಿ ‘ಸ’, ‘ತ’ಗಳು ತಪ್ಪಿಹೋಗುತ್ತವೆ. ಮೋರ್ಸಿನ ನಾದವನ್ನಾದರೋ ಕೇಳುವವನು ತನಗೊಗ್ಗುವ ತಗ್ಗಿನ ಸ್ವರಕ್ಕೆ, 500 ಅಥವಾ 600 ಹರ್ಟ್ಸ್‌ಗೆ, ಹೊಂದಿಸಿಕೊಳ್ಳಬಹುದು. ಮಾತು ಸ್ಪಷ್ಟವಾಗಿ ಕೇಳದವರಿಗೂ ಮೋರ್ಸ್ ದಕ್ಕುವುದು ಇದೇ ಕಾರಣದಿಂದ. ಹೆಡ್‌ಫೋನಿನ ಧ್ವನಿ ಮಾತ್ರ ಮಿತದಲ್ಲಿರಲಿ.

ಬೆಂಗಳೂರಿನಲ್ಲಿ ಹವ್ಯಾಸಿಗಳ ಸಂಘ 1959ರಿಂದ ಇದೆ. ಇಲ್ಲಿಂದ ಅಲ್ಲಿಗೆ ನೇರ ದೂರ ಎಂಟುನೂರು ಕಿಲೋಮೀಟರಿಗೂ ಮಿಕ್ಕಿದ್ದು. ಅಯಾನುಮಂಡಲಕ್ಕೆ ತಾಗಿ ಮರಳುವ 40 ಮೀಟರ್ ತರಂಗಕ್ಕೆ ಇದು ಅನುಕೂಲದ ಅಂತರ. ಬೆಳಗಿನ ಕಾಫಿಯ ಹೊತ್ತಿಗೆ 7 ಮೆಗಾಹರ್ಟ್ಸ್ ಸುತ್ತ ಮುಳ್ಳು ತಿರುಗಿಸುತ್ತಿದ್ದರೆ ಕನ್ನಡದ ಕುಶಲಪ್ರಶ್ನೆಯೊಂದು ಕಿವಿಗೆ ಬಿದ್ದೀತು.